ಬರಿಗೈ ಓಟ

ಭರ್ಪಾಯಿ ಓಡುತ್ತಾಳೆ ಎಂಬುದು ಆ ಊರಲ್ಲಿ ಯಾರಿಗೂ ಹೊಸ ಸಂಗತಿಯಲ್ಲ. ಉತ್ತರದ ರೋಹ್ತಕ್ಕಿನ ಆಚೆ ಕಾಲುವೆ ಪಕ್ಕದ ಆ ಊರಿಗೆ ಸೊಸೆಯಾಗಿ ಬಂದ ವರ್ಷದಿಂದಲೂ ಅವಳು ಓಡುತ್ತಲೇ ಇದ್ದವಳು. ತಲೆ ಮೇಲೆ ಹಸಿಮೇವಿನ ಹೊರೆ ಹೊತ್ತು ಹೊಲದಿಂದ ಮನೆಗೆ ಓಡುವಳು. ಸೆಗಣಿ ಬುಟ್ಟಿ ಹೊತ್ತು ಬೆರಣಿ ತಟ್ಟುವ ಬಯಲಿಗೆ ಓಡುವಳು. ರೊಟ್ಟಿ ಗಂಟು, ಮಜ್ಜಿಗೆ ಚೊಂಬು ಹೊತ್ತು ಗೋಧಿ ಹೊಲಕ್ಕೆ ಓಡುವಳು. ಎದೆವರೆಗೆ ಇಳಿಬಿಟ್ಟ ಮುಸುಕು, ಮುಸುಕಿನ ಮೇಲೆ ಹೊರೆ, ಹೊರೆಯ ಕೆಳಗೆ ಪಟಪಟ ಬಡಿಯುವ ಸಲ್ವಾರು. ಬೈಠಕ್ಕಿನ, ಅಂದರೆ ಗಂಡಸರ ಚಾವಡಿಯ, ಕಟ್ಟೆಯ ಮೇಲೆ ಹುಕ್ಕಾ ಎಳೆಯುತ್ತ ಕೂತ ಗಂಡಸರು, "ಸೊಸೆ ಅಂದ್ರೆ ರಿಸಾಲನ ಮನೆ ಕಿರಿಸೊಸೆ ಕಣಯ್ಯ. ಕೆಲಸಾನ ನಡ್ಕೊಂಡು ಮಾಡಿದ್ದು ನಾವು ನೋಡೇ ಇಲ್ಲ" ಎಂದು ತಂತಮ್ಮ ಸೊಸೆಯರ ಕಿವಿಗೆ ಬೀಳುವ ಹಾಗೆ ಹೇಳುವರು.

ಇಷ್ಟು ವರ್ಷ ಹೊಗಳಿದ ಆ ಬಾಯಿಗಳೇ ಈ ಚಳಿಗಾಲದಲ್ಲಿ ಅವಳನ್ನು ನಾಚಿಕೆಗೆಟ್ಟವಳು ಅಂದವು. ಅವಳು ಮಾಡಿದ ತಪ್ಪಾದರೂ ಏನು? ಅದೇ ಕಾಲು, ಅದೇ ಕಾಲುವೆ ಏರಿ, ಅದೇ ಓಟ. ತಲೆ ಮೇಲೆ ಹೊರೆ ಇರಲಿಲ್ಲ, ಅಷ್ಟೇ. ಹೊರೆ ಹೊತ್ತು ಓಡಿದರೆ ಗರತಿ, ಬರಿಗೈಲಿ ಓಡಿದರೆ ಬಜಾರಿ. ಇಂಥ ತಕ್ಕಡಿ ಯಾವ ಸಂತೆಯಲ್ಲಿ ಸಿಗುತ್ತದೋ ನನಗಂತೂ ಗೊತ್ತಿಲ್ಲ.

ಅವಳ ಹೆಸರಿನ ಮಾತೂ ಹೇಳಿಬಿಡಬೇಕು. ತವರಿನಲ್ಲಿ ಮೂರು ಹೆಣ್ಣಿನ ಮೇಲೆ ನಾಲ್ಕನೆಯದೂ ಹೆಣ್ಣೇ ಹುಟ್ಟಿದಾಗ, ಸಾಕಪ್ಪಾ ಸಾಕು, ಇಲ್ಲಿಗೆ ಚುಕ್ತಾ ಆಯಿತು ಎಂದು ಅವಳಪ್ಪ ಭರ್ಪಾಯಿ ಎಂದು ಹೆಸರಿಟ್ಟ. ಅವಳ ಬೆನ್ನಿಗೆ ಹುಟ್ಟಿದ್ದೂ ಹೆಣ್ಣೇ. ಆ ಮಗುವಿಗೆ ಇಡಲು ಪಾಪ ಅವನ ಬಳಿ ಹೆಸರೇ ಉಳಿದಿರಲಿಲ್ಲ. ಬೇಡವಾಗಿ ಹುಟ್ಟಿದವಳಿಗೆ ಒಂದು ಲಾಭ ಉಂಟು, ಎಲ್ಲಿ ಅಲೆಯುತ್ತಾಳೆ ಎಂದು ಯಾರೂ ಕೇಳುವುದಿಲ್ಲ. ಎಮ್ಮೆ ಹಿಂದೆ, ಗಾಳಿಪಟದ ಹಿಂದೆ, ಕಬ್ಬಿನ ಗಾಡಿ ಹಿಂದೆ ಓಡಿ ಓಡಿಯೇ ಅವಳು ಬೆಳೆದಳು. ಮದುವೆಯಾದ ಮೇಲೆ ಮುಸುಕು ಬಂತು, ಅದರ ಮೇಲೆ ಹೊರೆ ಬಂತು. ಈಗ ಮಗಳನ್ನೂ ಮದುವೆ ಮಾಡಿ ಕೊಟ್ಟಾಗಿದೆ, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಕಾಲು ಮಾತ್ರ ತವರಿನದೇ ಉಳಿದಿದೆ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಏರಿಯ ಮೇಲೆ ಮೇವು ಹೊತ್ತು ಬರುವಾಗ ಹಗ್ಗ ಜಾರಿ ಹೊರೆ ಹಿಂದಕ್ಕೆ ಬಿತ್ತು. ನಿಂತು ಎತ್ತಿಕೊಳ್ಳಬೇಕಿತ್ತು. ಅವಳ ಕಾಲು ನಿಲ್ಲಲಿಲ್ಲ. ಕುತ್ತಿಗೆ ಹಗುರಾಯಿತು, ಕೈ ತಾನಾಗಿ ಬೀಸಿತು, ಬಿದ್ದದ್ದು ಬಿದ್ದಿರಲಿ ಎಂದು ಅವಳು ಸೇತುವೆಯವರೆಗೂ ಓಡಿಬಿಟ್ಟಳು. ಸೇತುವೆ ಕಟ್ಟೆಗೆ ಕೈಯೂರಿ ನಿಂತಾಗ ಏದುಸಿರಿನ ಜೊತೆ ನಗು ಬಂತು, ನಗುವಿನ ಹಿಂದೆಯೇ ಸಿಟ್ಟು ಬಂತು. ಇಷ್ಟು ವರ್ಷ ಇದನ್ನು ನನ್ನಿಂದ ಕಿತ್ತುಕೊಂಡವರು ಯಾರು ಎಂಬ ಸಿಟ್ಟು. ಆಮೇಲೆ ಹಿಂದಿರುಗಿ ಹೊರೆ ಎತ್ತಿಕೊಂಡು ಏನೂ ಆಗದವಳ ಹಾಗೆ ಮನೆಗೆ ಹೋದಳು.

ಮಾರನೆಯ ದಿನದಿಂದ ಎಮ್ಮೆ ಏಳುವ ಮುಂಚೆ ಅವಳು ಏಳತೊಡಗಿದಳು. ಕಾಲು ಕಚ್ಚುತ್ತದೆ ಎಂದು ಗಂಡ ಮೂಲೆಗೆ ಎಸೆದಿದ್ದ ಕ್ಯಾನ್ವಾಸ್ ಶೂಗಳಿಗೆ ಬಟ್ಟೆಚೂರು ತುರುಕಿ ಹಾಕಿಕೊಳ್ಳುವಳು. ಆ ಸೀಮೆಯ ಚಳಿಗಾಲದ ಮಂಜು ಅಂದರೆ ಚಾಚಿದ ಕೈ ಕಾಣದ ಮಂಜು. ದೇವರೇ ಇಡೀ ಊರಿಗೆ ಮುಸುಕು ಹಾಕಿದ ಮೇಲೆ ತನಗೆ ಬೇರೆ ಮುಸುಕು ಯಾಕೆ ಎಂದು ಓಢಣಿಯನ್ನು ಸೊಂಟಕ್ಕೆ ಬಿಗಿದು, ಏರಿಯ ಮೇಲೆ ಸೇತುವೆವರೆಗೆ ಹೋಗಿ ಬರುವಳು. ಬಂದವಳೇ ಬುಟ್ಟಿ ಹಿಡಿದು ಕೊಟ್ಟಿಗೆಗೆ ನುಗ್ಗುವಳು. ಯಾವ ಕೆಲಸವೂ ಒಂದು ಚೂರು ಹಿಂದೆ ಬಿದ್ದಿರಲಿಲ್ಲ.

ಸಂಕ್ರಾಂತಿ ಹತ್ತಿರ ಬಂದಾಗ ಆ ಮಂಜೇ ಅವಳಿಗೆ ಕೈಕೊಟ್ಟಿತು. ಅವಳ ಗಂಡನ ಅಣ್ಣ ರಾಮ್‌ಫಲ್, ಅಪ್ಪ ರಿಸಾಲ್ ತೀರಿಕೊಂಡ ಮೇಲೆ ಆ ಮನೆಯ ಯಜಮಾನ, ರಾತ್ರಿ ಪಾಳಿಯಲ್ಲಿ ಗೋಧಿಗೆ ನೀರು ಕಟ್ಟಿ, ಕಂಬಳಿ ಹೊದ್ದು, ಸಲಿಕೆ ಹೆಗಲಿಗಿಟ್ಟು ಏರಿಯ ಮೇಲೆ ಬರುತ್ತಿದ್ದ. ಎದುರಿನಿಂದ ಇವಳು. ಒಬ್ಬರಿಗೊಬ್ಬರು ಕಾಣಲಿಲ್ಲ. ಹೆಗಲಿಗೆ ಹೆಗಲು ಧಡ್ಡೆಂದು ಬಡಿಯಿತು. ರಾಮ್‌ಫಲ್ ಏರಿಯಿಂದ ಉರುಳಿ ತಾನೇ ನೀರುಣಿಸಿದ ಹೊಲದ ಕೆಸರಲ್ಲಿ ಹೋಗಿ ಕೂತ.

ತಮ್ಮನ ಹೆಂಡತಿ ಭಾವನಿಗೆ ಮುಖ ತೋರಿಸುವಂತಿಲ್ಲ, ನೇರ ಮಾತಾಡುವಂತಿಲ್ಲ, ಓಢಣಿಯ ಅಂಚು ತಾಗಿದರೂ ಊರು ಮೂಗಿನ ಮೇಲೆ ಬೆರಳಿಡುತ್ತದೆ. ಇವಳು ತಾಗಿಸಿದ್ದು ಅಂಚಲ್ಲ, ಇಡೀ ಹೆಗಲು. ಬಿದ್ದವನು ಯಾರೆಂದು ತಿಳಿದ ಕೂಡಲೇ ಸೊಂಟದಿಂದ ಓಢಣಿ ಬಿಚ್ಚಿ ಮುಸುಕೆಳೆದುಕೊಂಡಳು. ಈಗ ಅವನನ್ನು ಎತ್ತುವುದು ಹೇಗೆ? ಕೈ ಕೊಡುವ ಹಾಗಿಲ್ಲ. ಅವನ ಸಲಿಕೆ ಏರಿಯ ಮೇಲೇ ಬಿದ್ದಿತ್ತು. ಅದರ ಕಾವನ್ನು ಕೆಳಕ್ಕೆ ಚಾಚಿ, ಪಕ್ಕದ ಜಾಲಿಮರದ ಕಡೆ ತಿರುಗಿ ಹೇಳಿದಳು.

"ಜಾಲಿಮರವೇ, ಈ ಕಾವು ಹಿಡ್ಕೊಂಡು ಮೇಲೆ ಬರೋಕೆ ಹೇಳು."

ರಾಮ್‌ಫಲ್ ಕಾವು ಹಿಡಿಯಲಿಲ್ಲ. ಕೈಕಾಲು ಊರಿ ಅಂಬೆಗಾಲಲ್ಲಿ ಹತ್ತಿ ಬಂದು, ಅವನೂ ಜಾಲಿಮರಕ್ಕೇ ಹೇಳಿದ.

"ಮೊದ್ಲು ಅವಳನ್ನ ಕೇಳು. ಹೊರೆ ಎಲ್ಲಿ, ಬುಟ್ಟಿ ಎಲ್ಲಿ? ಈ ಹೊತ್ತಲ್ಲಿ ತಲೆ ಬಿಚ್ಕೊಂಡು ಎಲ್ಲಿಗೆ ಹೊರಟಿದ್ಲು?"

"ಎಲ್ಲಿಗೂ ಇಲ್ಲ ಅಂತ ಹೇಳು. ಸುಮ್ನೆ ಓಡ್ತಿದ್ದೆ."

"ಸುಮ್ನೆ ಓಡ್ತಿದ್ಲಂತೆ" ಎಂದು ಅವನು ಮೀಸೆಯ ಕೆಸರು ಒರೆಸಿಕೊಂಡ. ಕದಿಯಲು ಹೊರಟಿದ್ದೆ ಎಂದಿದ್ದರೂ ಅವನಿಗೆ ಅಷ್ಟು ಉರಿಯುತ್ತಿರಲಿಲ್ಲ.

ಅವತ್ತಿನಿಂದ ರಾಮ್‌ಫಲ್ ಮನೆಯೊಳಗೆ ಕಾಲಿಡಲಿಲ್ಲ. ಬೈಠಕ್ಕಿನಲ್ಲೇ ಮಂಚ ಹಾಕಿಕೊಂಡ, ಚಿಕ್ಕಪ್ಪನ ಮನೆಯಿಂದ ರೊಟ್ಟಿ ತರಿಸಿಕೊಂಡ. "ಒಂದೋ ಆ ಓಟ, ಇಲ್ಲಾ ನನ್ನ ರೊಟ್ಟಿ. ಎರಡೂ ಒಂದೇ ಮನೇಲಿ ಇರಲ್ಲ" ಎಂದು ಹೇಳಿ ಕಳಿಸಿದ. ಯಜಮಾನ ಬೇರೆ ಮನೆಯ ರೊಟ್ಟಿ ತಿಂದರೆ ಮನೆಯ ಮಾನ ಬೀದಿಗೆ ಬಿದ್ದ ಹಾಗೆ. ಅತ್ತೆ ಖಜಾನಿ ಎದೆ ಎದೆ ಬಡಿದುಕೊಂಡಳು. ಭರ್ಪಾಯಿ ಮಾತ್ರ ಮಾರನೆಯ ಬೆಳಿಗ್ಗೆಯೂ ಶೂ ಕಟ್ಟಿದಳು.

ಆ ಸೀಮೆಯಲ್ಲಿ ಸಂಕ್ರಾಂತಿ ಎಂದರೆ ಹಿರಿಯರು ಮುನಿಸಿಕೊಳ್ಳುವ ಹಬ್ಬ. ಅತ್ತೆಯೋ ಮಾವನೋ ಭಾವನೋ ಸುಳ್ಳುಸುಳ್ಳೇ ಕೋಪ ಮಾಡಿಕೊಂಡು ಬೇರೆ ಯಾರದೋ ಕಟ್ಟೆಯ ಮೇಲೆ ಮುಖ ತಿರುಗಿಸಿ ಕೂರಬೇಕು. ಸೊಸೆಯರು ಹೊಸ ಕಂಬಳಿ, ಎಳ್ಳುಂಡೆ ಹಿಡಿದು ಹಾಡುತ್ತ ಹೋಗಿ, ಹೊದಿಸಿ, ತಿನ್ನಿಸಿ, ರಮಿಸಿ ಕರೆತರಬೇಕು. ಎಲ್ಲಾ ಆಟ. ಈ ಸಲ ರಾಮ್‌ಫಲನ ಮುನಿಸು ಮಾತ್ರ ಆಟದ್ದಾಗಿರಲಿಲ್ಲ. ಹಬ್ಬದ ನೆಪದಲ್ಲೇ ಇದನ್ನು ಮುಗಿಸಿಬಿಡಬೇಕು ಎಂದು ಖಜಾನಿ ಹೊಂಚು ಹಾಕಿದಳು. ಕಂಬಳಿ ಹೊದಿಸುವಾಗ ಭರ್ಪಾಯಿ ನಾಲ್ಕು ಜನರ ಮುಂದೆ, ಇನ್ನು ಮೇಲೆ ಬರಿಗೈಲಿ ಓಡುವುದಿಲ್ಲ ಎಂದು ಹೇಳಿಬಿಟ್ಟರೆ ಸರಿ, ಎಲ್ಲರೂ ಒಟ್ಟಿಗೆ ಕೂತು ಉಣ್ಣಬಹುದು.

ಹಬ್ಬದ ಬೆಳಿಗ್ಗೆ ಭರ್ಪಾಯಿ ಎದ್ದಾಗ ಶೂ ಇರಲಿಲ್ಲ. ಅಂಗಳದ ಆಚೆ ಬೀದಿಯಲ್ಲಿ ಆಗಲೇ ಬೆಂಕಿ ಹಾಕಿದ್ದರು. ಖಜಾನಿ ಬೆಂಕಿಗೆ ಕೈಯೊಡ್ಡಿ, ಏನೂ ಅರಿಯದವಳ ಹಾಗೆ ಕೂತಿದ್ದಳು. ಭರ್ಪಾಯಿ ಹುಡುಕುವ ಗೋಜಿಗೆ ಹೋಗಲಿಲ್ಲ. ಸಲ್ವಾರು ಎತ್ತಿ ಕಟ್ಟಿ ಬರಿಗಾಲಲ್ಲಿ ಹೊರಟಳು.

"ಹಬ್ಬದ ದಿನಾನೂ ಬಿಡಲ್ವೇನೇ?" ಅಂದಳು ಖಜಾನಿ.

"ಹಬ್ಬ ಅಂತ ಎಮ್ಮೆ ಸೆಗಣಿ ಹಾಕೋದು ಬಿಡ್ತಾ ಅತ್ತೆ?"

"ಓಡೇ ತೀರ್ತೀನಿ ಅಂದ್ರೆ ಈ ಬುಟ್ಟಿನಾದ್ರೂ ಹೊತ್ಕೊಂಡು ಓಡು. ಯಾರೂ ಒಂದು ಮಾತು ಅನ್ನಲ್ಲ."

"ಬುಟ್ಟಿ ಖಾಲಿ ಇದೆಯಲ್ಲ."

"ಖಾಲಿನೇ ಇರ್ಲಿ. ನೋಡೋರ ಕಣ್ಣಿಗೆ."

"ನೋಡೋರ ಕಣ್ಣನ್ನ ನೋಡೋರೇ ಹೊತ್ಕೊಳ್ಳಲಿ ಅತ್ತೆ" ಎಂದು ಅವಳು ಮಂಜಿನೊಳಗೆ ಹೋದಳು.

ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಮೊದಲು ಕಾಲು ಸುಟ್ಟಂತಾಯಿತು, ಆಮೇಲೆ ಮರಗಟ್ಟಿತು, ಸೇತುವೆ ಹತ್ತಿರ ಬರುವಷ್ಟರಲ್ಲಿ ಅಂಗಾಲಿನಿಂದ ರಕ್ತ ಬರುತ್ತಿತ್ತು. ನೋವಾಯಿತು, ಸುಳ್ಳೇಕೆ ಹೇಳಲಿ, ಕಣ್ಣಲ್ಲಿ ನೀರೇ ಬಂತು. ಆದರೂ ಸೇತುವೆ ಮುಟ್ಟಿಯೇ ತಿರುಗಿದಳು. ನಡುವೆ ತಿರುಗಿದರೆ ಶೂ ಬಚ್ಚಿಟ್ಟವರ ಕೈ ಮೇಲಾಗುತ್ತದೆ ಎಂಬ ಹಟ ಅವಳಿಗೆ.

ಬಂದು ಬಿಸಿನೀರಲ್ಲಿ ಕಾಲು ತೊಳೆದು ಕೆಲಸಕ್ಕೆ ಬಿದ್ದಳು. ಎಮ್ಮೆಗಳ ಮೇಲೆ ಹೊದಿಸಿದ ಗೋಣಿ ತೆಗೆದು, ಸೆಗಣಿ ಬಾಚಿ, ಹಾಲು ಕರೆದು, ಹಬ್ಬದ ದಿನವಾದ್ದರಿಂದ ತಮ್ಮ ಬೀದಿಯನ್ನೆಲ್ಲ ಗುಡಿಸಿ, ಬೆರಣಿ ತಟ್ಟಿ ಮುಗಿಸಿದಳು. ಆಮೇಲೆ ವಾರಗಿತ್ತಿ ಬೀರ್ಮತಿಯ ಜೊತೆ ಮೇವು ಕೊಯ್ಯಲು ಹೊಲಕ್ಕೆ ಹೋದಳು. ಬೀರ್ಮತಿ ರಾಮ್‌ಫಲನ ಹೆಂಡತಿ. ಗಂಡ ಮನೆ ಬಿಟ್ಟು ಕೂತಿದ್ದಾನೆ ಎಂದು ಅವಳು ಅತ್ತು ಕರೆದು ಮಾಡುತ್ತಾಳೆ ಎಂದು ಊರು ಕಾದಿತ್ತು. ಅವಳೋ ಕುಡುಗೋಲು ಆಡಿಸುತ್ತ ಹಾಯಾಗಿದ್ದಳು.

"ಅವ್ರ ಕಾಲಿಗೆ ಏನೂ ಆಗಿಲ್ಲ ಕಣೇ. ಪೆಟ್ಟು ಬಿದ್ದಿರೋದು ಮೀಸೆಗೆ" ಅಂದಳು. "ನೀನು ಸುಮ್ನೆ ಒಂದು ಸುಳ್ಳು ಹೇಳ್ಬಿಡು. ಓಡಲ್ಲ ಅಂತ ಇವತ್ತು ಹೇಳು, ನಾಡಿದ್ದಿಂದ ಓಡು. ನಾನೇನು ಇಷ್ಟು ವರ್ಷ ನಿಜ ಹೇಳ್ಕೊಂಡು ಸಂಸಾರ ಮಾಡಿದ್ದೀನಾ?"

"ಕದ್ದು ಓಡಿದ್ದು ಸಾಕಕ್ಕ. ಕದ್ದು ಓಡ್ತಾ ಓಡ್ತಾ ನಂಗೇ ನಾನು ಕಳ್ಳಿ ಅನ್ಸೋಕೆ ಶುರುವಾಗಿದೆ. ಯಾರ ಮನೆ ಏನು ಕದ್ದೆ ಹೇಳು."

"ನಿಂದು ದೊಡ್ಡ ಹಟ."

"ಹಟ ಇಲ್ದಿದ್ರೆ ಇಷ್ಟು ಹೊರೆ ಹೊರೋಕಾಗ್ತಿತ್ತಾ?"

ಬೀರ್ಮತಿ ನಕ್ಕು ಹೊರೆ ಕಟ್ಟಿದಳು. ಮೇವು ಹೊತ್ತು ಮನೆಗೆ ಬಂದಾಗ ಭರ್ಪಾಯಿಯ ಗಂಡ ಜಿಲೇಸಿಂಗ್ ಮೇವು ಕತ್ತರಿಸುವ ಯಂತ್ರದ ಚಕ್ರ ಹಿಡಿದು ನಿಂತಿದ್ದ. ಒಳ್ಳೆಯ ಮನುಷ್ಯ, ಕುಡಿತವಿಲ್ಲ, ಕೈ ಎತ್ತುವುದಿಲ್ಲ. ಆದರೆ ಅವನ ಮಾತು ಯಾವತ್ತೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ.

"ನೋಡು, ನಿಂದೂ ತಪ್ಪಿಲ್ಲ, ಅಣ್ಣಂದೂ ತಪ್ಪಿಲ್ಲ" ಅಂದ.

"ಮತ್ತೆ ತಪ್ಪು ಯಾರ್ದು, ಮಂಜಿಂದಾ?"

"ಮಂಜಿಂದೇ ಅನ್ಕೋ."

"ಅದನ್ನೇ ಬೈಠಕ್ಕಿಗೆ ಹೋಗಿ ಹೇಳಿ ಬನ್ನಿ."

ಜಿಲೇಸಿಂಗ್ ಚಕ್ರ ತಿರುಗಿಸಿದ. ಯಂತ್ರದ ಗದ್ದಲದಲ್ಲಿ ಅವನ ಸಂಸಾರ ಎಷ್ಟೋ ಸಲ ಹೀಗೇ ಮುಂದೆ ಹೋಗಿತ್ತು.

ಮಧ್ಯಾಹ್ನ ಬಡಕಲು ಬಿಸಿಲು ಬಿತ್ತು. ಖಜಾನಿಗೆ ವರ್ಷಾ ವರ್ಷ ಪಕ್ಕದ ಮನೆ ಕಟ್ಟೆಯ ಮೇಲೆ ಮುನಿಸಿಕೊಂಡು ಕೂರುವ ಸಂಭ್ರಮ. "ಈ ವರ್ಷ ನಂಗೆ ಮುನಿಸ್ಕೊಳ್ಳೋಕೂ ಪುರುಸೊತ್ತಿಲ್ಲ" ಎಂದು ಗೊಣಗುತ್ತ ತಟ್ಟೆಯಲ್ಲಿ ಎಳ್ಳುಂಡೆ ಜೋಡಿಸಿದಳು. ಹೊಸ ಕಂಬಳಿಯನ್ನು ಭರ್ಪಾಯಿಯ ಕೈಗೆ ಕೊಟ್ಟಳು. ಬೀರ್ಮತಿ, ಬೀದಿಯ ಇನ್ನೂ ಕೆಲವು ಹೆಂಗಸರು ಸೇರಿ ಹಾಡುತ್ತ ಬೈಠಕ್ಕಿಗೆ ಹೊರಟರು. ಮನೆಯ ಹಿರಿಯನೇ ಏಳೋ, ಕೋಪ ಬಿಟ್ಟು ಬಾರೋ ಎಂಬ ಹಳೆಯ ಹಾಡು.

ಹೆಂಗಸರನ್ನು ಕಂಡು ಹುಕ್ಕಾದ ಸುತ್ತ ಕೂತ ಗಂಡಸರು ಒತ್ತಟ್ಟಿಗೆ ಸರಿದರು. ರಾಮ್‌ಫಲ್ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಅದು ಪದ್ಧತಿಯೇ. ಆದರೆ ಹಾಡು ಮುಗಿದ ಮೇಲೂ ಅವನು ಈ ಕಡೆ ಹೊರಳಲಿಲ್ಲ.

"ಏಳಪ್ಪ ರಾಮ್‌ಫಲಾ, ಸೊಸೆ ಕಂಬಳಿ ತಂದಿದ್ದಾಳೆ" ಅಂದಳು ಖಜಾನಿ.

"ಕಂಬಳಿ ನನ್ ಹತ್ರ ಇದೆ ಅವ್ವ. ನಂಗೆ ಮಾತು ಬೇಕು. ಬರಿಗೈಲಿ ಆ ಏರಿ ಹತ್ತಲ್ಲ ಅಂತ ಎಲ್ಲರ ಮುಂದೆ ಅವಳ ಬಾಯಲ್ಲಿ ಬರ್ಲಿ."

ಎಲ್ಲರೂ ಭರ್ಪಾಯಿಯ ಕಡೆ ನೋಡಿದರು. ಖಜಾನಿ ಮೊಣಕೈಯಿಂದ ತಿವಿದಳು. ಒಂದು ಮಾತು ಸಾಕಿತ್ತು. ಒಂದು ಮಾತು ಹೇಳಿದರೆ ಸಂಜೆ ತುಪ್ಪ ಸುರಿದ ಚೂರ್ಮಾ ಸಿಹಿ, ಅತ್ತೆಯ ನಗು, ಊರಿನ ಹೊಗಳಿಕೆ ಎಲ್ಲವೂ ಹಿಂದಿರುಗಿ ಬರುತ್ತಿತ್ತು. ಅಂಗಾಲಿನ ಗಾಯ ಚುರುಗುಟ್ಟಿತು. ಈ ಮನೆಗೆ ಬಂದಾಗಿನಿಂದ ಯಾರು ಯಾರ ಮುನಿಸಿಗೆ ತಾನು ಕಂಬಳಿ ಹೊದಿಸಿದ್ದೆ ಎಂಬುದು ಒಂದರ ಹಿಂದೊಂದು ನೆನಪಾಯಿತು. ತನಗೆ ಕೋಪ ಬಂದ ದಿನ ಯಾರು ಏನು ಹೊದಿಸಿದ್ದರು ಎಂದು ಹುಡುಕಿದರೆ ಒಂದೂ ನೆನಪಾಗಲಿಲ್ಲ.

ಅವಳು ಹುಕ್ಕಾದ ಕಡೆ ತಿರುಗಿದಳು.

"ಹುಕ್ಕಾನೇ, ಇವ್ರಿಗೆ ಹೇಳು. ಇಷ್ಟು ವರ್ಷ ಮುನಿಸ್ಕೊಂಡೋರನ್ನೆಲ್ಲ ನಾನು ರಮಿಸಿದ್ದಾಯ್ತು. ಈ ವರ್ಷ ಮುನಿಸು ನಂದು."

ತಂದ ಕಂಬಳಿಯನ್ನು ಬಿಡಿಸಿ ತಾನೇ ಹೊದ್ದುಕೊಂಡು ಅವಳು ಬೈಠಕ್ಕಿನ ಮೆಟ್ಟಿಲಿಳಿದು ಹೋಗಿಬಿಟ್ಟಳು. ತಟ್ಟೆ ಹಿಡಿದ ಖಜಾನಿಯ ಕೈ ಹಾಗೇ ನಿಂತಿತು.

ಸೊಸೆ ಮುನಿಸಿಕೊಂಡಳಂತೆ ಎಂಬ ಸುದ್ದಿ ಮನೆಮನೆಗೂ ಹೋಯಿತು. ಅತ್ತೆ ಮುನಿಸಿಕೊಳ್ಳುವುದು ಉಂಟು, ಮಾವ ಮುನಿಸಿಕೊಳ್ಳುವುದು ಉಂಟು. ಸೊಸೆ ಮುನಿಸಿಕೊಂಡರೆ ಯಾವ ಹಾಡು ಹಾಡಬೇಕು, ಅದೇ ಯಾರಿಗೂ ತಿಳಿಯದು. ಬೈಠಕ್ಕಿನಲ್ಲಿ ಒಬ್ಬ ಮುದುಕ ಹುಕ್ಕಾದ ನಳಿಗೆ ಬಾಯಿಂದ ತೆಗೆದು, "ರಾಮ್‌ಫಲಾ, ನಿನ್ ಮುನಿಸಿನ ಮೇಲೆ ಅವಳ ಮುನಿಸು ಕೂತ್ಕೊಂಡುಬಿಡ್ತಲ್ಲೋ. ಇನ್ನು ನಿನ್ನನ್ನ ಕೇಳೋರು ಯಾರು?" ಅಂದ. ಗಂಡಸರು ನಕ್ಕರು. ರಾಮ್‌ಫಲ್ ನಗಲಿಲ್ಲ.

ಭರ್ಪಾಯಿ ಕಾಲುವೆ ಏರಿಯ ಮೇಲೆ, ಸಾಸಿವೆ ಹೊಲದ ಬದಿಗೆ, ಊರಿಗೆ ಬೆನ್ನು ಹಾಕಿ ಕೂತಿದ್ದಳು. ಮುನಿಸಿಕೊಳ್ಳುವುದು ಇಷ್ಟು ಸುಲಭ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಸುಮ್ಮನೆ ಕೂರುವುದು, ಅಷ್ಟೇ. ಒಳಗೊಳಗೆ ಹೆದರಿಕೆಯೂ ಇತ್ತು. ಯಾರೂ ಬಾರದಿದ್ದರೆ? ಕತ್ತಲಾದ ಮೇಲೆ ತಾನೇ ಎದ್ದು, ಕಂಬಳಿ ಮಡಚಿಕೊಂಡು, ಎಮ್ಮೆ ಕರೆಯಲು ಹೋಗಬೇಕಾದರೆ? ಅದಕ್ಕಿಂತ ಅವಮಾನ ಇನ್ನೊಂದಿಲ್ಲ. ಬಾರದಿದ್ದರೆ ಬೇಡ, ಇಲ್ಲೇ ಕೂತು ಸೆಟೆದುಹೋಗುತ್ತೇನೆ ಎಂದು ಹಲ್ಲು ಕಚ್ಚಿದಳು.

ಮೊದಲು ಬಂದವನು ಜಿಲೇಸಿಂಗ್. ಬೆರಣಿ ಗೂಡಿನ ಮೇಲೆ ಅವನವ್ವ ಎಸೆದಿದ್ದ ಶೂಗಳನ್ನು ಇಳಿಸಿ ತಂದಿದ್ದ. ಅವಳ ಪಕ್ಕ ಇಟ್ಟ. ಅಂಗಾಲು ನೋಡಿ ಅವನ ಮುಖ ಸಣ್ಣಗಾಯಿತು.

"ತುಂಬಾ ನೋಯ್ತಿದೆಯಾ?"

"ನೋಯ್ತಿದೆ."

ಅವನು ಮನೆಗೆ ಬಾ ಎನ್ನಲೂ ಇಲ್ಲ, ಹಿಂದಿರುಗಿ ಹೋಗಲೂ ಇಲ್ಲ. ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಅವಳು ನಿಧಾನಕ್ಕೆ ಶೂ ಹಾಕಿಕೊಂಡಳು.

ಹೊತ್ತು ಇಳಿಯುವಾಗ ಹಾಡು ಕೇಳಿಸಿತು. ಖಜಾನಿ ಮುಂದೆ, ಎಳ್ಳುಂಡೆಯ ತಟ್ಟೆಯೊಂದಿಗೆ. ಹಿಂದೆ ಹೆಂಗಸರು. ಬೀರ್ಮತಿ ಸಂಜೆಯ ಮೇವನ್ನೂ ಕೊಯ್ದು ಹೊರೆ ಹೊತ್ತೇ ಬಂದಿದ್ದಳು. ಮನೆಯ ಹಿರಿಯನೇ ಎಂದು ಶುರು ಮಾಡಿ, ಅದು ಹೊಂದುವುದಿಲ್ಲವೆಂದು ನಿಲ್ಲಿಸಿ, ಮನೆಯ ಓಟಗಾತಿಯೇ ಎಂದು ಬೀರ್ಮತಿಯೇ ಸೇರಿಸಿದಳು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಖಜಾನಿ ತಟ್ಟೆ ಕೆಳಗಿಟ್ಟು ಉಸಿರು ಬಿಟ್ಟಳು.

"ಬಂದಿದ್ದೀವಿ ಮಹರಾಯ್ತಿ. ಉಂಡೆ ತಿಂದು ಏಳು."

"ಉಂಡೆ ಬೇಡ ಅತ್ತೆ. ನ್ಯಾಯ ಬೇಕು."

"ಏನು ನ್ಯಾಯ? ಭಾವನ್ನ ಕೆಸರಿಗೆ ಕೆಡವಿ ನ್ಯಾಯ ಬೇರೆ ಕೇಳ್ತಾಳೆ."

"ನೀವೇ ಹೇಳಿ. ನಮ್ಮನೆ ಹೊಸ್ತಿಲು ದಾಟೋಕೆ ಮುಂಚೆ ಗಂಡಸರು ಏನು ಮಾಡ್ತಾರೆ?"

"ಏನು ಮಾಡ್ತಾರೆ, ಕೆಮ್ತಾರೆ."

"ಯಾಕೆ?"

"ಒಳಗಿರೋ ಸೊಸೆಯಂದ್ರಿಗೆ ಗೊತ್ತಾಗ್ಲಿ ಅಂತ. ಮುಸುಕು ಎಳ್ಕೊಳ್ಳಲಿ ಅಂತ. ಇದೇನು ಹೊಸದಾ ನಿಂಗೆ?"

"ಕೆಮ್ಮದೆ ನುಗ್ಗಿ, ಸೊಸೆ ಮುಖ ಕಂಡ್ರೆ ತಪ್ಪು ಯಾರ್ದು?"

"ಕೆಮ್ಮದೇ ಇದ್ದೋನ್ದು" ಅಂದಳು ಖಜಾನಿ, ಯೋಚನೆಯನ್ನೂ ಮಾಡದೆ. "ನಿಮ್ಮಾವ ಒಂದು ಸಲ ಕೆಮ್ಮೋದು ಮರ್ತು ಒಳಗೆ ಬಂದಿದ್ದಕ್ಕೆ ನಮ್ಮತ್ತೆ ಅವತ್ತು ಅವರಿಗೆ ರೊಟ್ಟಿನೇ ಹಾಕ್ಲಿಲ್ಲ."

"ಸರಿ. ಹಾಗಾದ್ರೆ ಮಂಜಲ್ಲಿ ಏರಿ ಮೇಲೆ ಬರೋವಾಗ ಭಾವ ಯಾಕೆ ಕೆಮ್ಮಲಿಲ್ಲ?"

ಹೆಂಗಸರ ನಡುವೆ ಯಾವುದೋ ಮುಸುಕು ನಗುವಿಗೆ ಅಲುಗಿತು.

"ಅದು ಮನೆ ಅಲ್ವಲ್ಲೇ. ಕಾಲುವೆ."

"ಮುಸುಕು ಹಾಕು ಅನ್ನೋವಾಗ ಕಾಲುವೆನೂ ಮನೆ, ಹೊಲಾನೂ ಮನೆ, ಬೀದಿನೂ ಮನೆ. ಗಂಡಸು ಕೆಮ್ಮಬೇಕಾದಾಗ ಮಾತ್ರ ಅದು ಬರೀ ಕಾಲುವೆನಾ ಅತ್ತೆ? ಕೆಮ್ಮಿದ್ರೆ ನಾನು ಪಕ್ಕಕ್ಕೆ ಸರೀತಿದ್ದೆ. ಅವರು ಕೆಸರಿಗೆ ಬೀಳ್ತಿರಲಿಲ್ಲ. ತಪ್ಪು ಮಾಡಿದೋರು ಕಂಬಳಿ ಹೊದ್ದು ಮಲಗಿದ್ದಾರೆ, ನಾನು ಮಾತು ಕೊಡ್ಬೇಕಾ? ಕೊಡಲ್ಲ. ನಾಳೆನೂ ಓಡ್ತೀನಿ, ನಾಡಿದ್ದೂ ಓಡ್ತೀನಿ. ಬುಟ್ಟಿ ಇಲ್ಲದೆ ಓಡ್ತೀನಿ, ಕತ್ತಲಲ್ಲಿ ಅಲ್ಲ, ಬೆಳಕಲ್ಲಿ ಓಡ್ತೀನಿ. ಮನೆ ಕೆಲಸ ಎಲ್ಲಾದ್ರೂ ತಪ್ಪಿದ್ರೆ ಆಗ ಕೇಳಿ."

ಖಜಾನಿ ಸುತ್ತ ನೋಡಿದಳು, ಯಾರಾದರೂ ಉತ್ತರ ಕೊಟ್ಟಾರೆಯೇ ಎಂದು. ಕೊಟ್ಟವನು ಜಿಲೇಸಿಂಗ್. ಕಾಲುವೆ ನೀರನ್ನೇ ನೋಡುತ್ತ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಅವಳು ಹೇಳೋದು ಸರಿ ಇದೆ ಅವ್ವ. ಅಣ್ಣ ಕೆಮ್ಮಬೇಕಿತ್ತು" ಅಂದ. ಮದುವೆಯಾದಾಗಿನಿಂದ ಭರ್ಪಾಯಿ ಈ ಮನುಷ್ಯನಿಂದ ಕೇಳಿದ ಮೊದಲ ತೀರ್ಪು ಅದು. ಅವಳಿಗೆ ಆಗ ಮಾತ್ರ ಕಣ್ಣು ತುಂಬಿತು.

ಸಾಸಿವೆ ಹೊಲದ ಬದುವಿನ ಮೇಲೆ ರಾಮ್‌ಫಲ್ ನಿಂತಿದ್ದ. ಬೈಠಕ್ಕಿನ ನಗು ತಾಳಲಾರದೆ ಎದ್ದು ಬಂದಿದ್ದನೋ, ಹಬ್ಬದ ದಿನ ಚಿಕ್ಕಪ್ಪನ ಮನೆಯ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲವೋ, ಅವನಿಗೇ ಗೊತ್ತು. ಎಷ್ಟು ಹೊತ್ತಿನಿಂದ ಕೇಳಿಸಿಕೊಂಡಿದ್ದನೋ. ಹೆಂಗಸರಿಗೆ ಅವನು ಬಂದದ್ದು ಕಾಣಲಿಲ್ಲ, ಎಲ್ಲರ ಮುಸುಕೂ ಹಿಂದಕ್ಕೆ ಸರಿದಿತ್ತು. ಮೊದಲು ಕಂಡದ್ದು ಖಜಾನಿಗೆ. ಮಗನನ್ನು ಮೇಲಿಂದ ಕೆಳಗೆ ನೋಡಿದಳು. ತಾನು ಸೊಸೆಯಾಗಿದ್ದ ಕಾಲ ನೆನಪಾಯಿತೋ ಏನೋ, ಅವಳ ಮುಖವೇ ಬೇರೆಯಾಯಿತು.

"ಈಗ್ಲೂ ಕೆಮ್ಮದೇನೇ ಬಂದ್ಯಲ್ಲೋ" ಅಂದಳು.

ರಾಮ್‌ಫಲ್ ನೆಲ ನೋಡಿದ, ತಮ್ಮನನ್ನು ನೋಡಿದ, ಸೇತುವೆ ಕಡೆ ನೋಡಿದ. ಮೀಸೆ ಒಮ್ಮೆ ಅಲುಗಿತು. ಆಮೇಲೆ ಅವನು ಕೆಮ್ಮಿದ. ಚಳಿಯ ಕೆಮ್ಮಲ್ಲ, ಹುಕ್ಕಾದ ಕೆಮ್ಮಲ್ಲ. ಹೊಸ್ತಿಲ ಮುಂದೆ ನಿಂತು ಕೆಮ್ಮುವ ಕೆಮ್ಮು.

ಹೆಂಗಸರ ಕೈಗಳೆಲ್ಲ ಒಟ್ಟಿಗೆ ಹಣೆಗೆ ಹೋದವು, ಮುಸುಕುಗಳು ಇಳಿದವು. ಭರ್ಪಾಯಿಯ ಕೈಯೂ ಅಭ್ಯಾಸಬಲದಿಂದ ಮೇಲೆದ್ದಿತು. ಹಣೆಯ ಹತ್ತಿರ ನಿಂತಿತು. ಆ ಕೈಯನ್ನೇ ಎಲ್ಲರೂ ನೋಡುತ್ತಿದ್ದರು. ಅವಳು ಅದನ್ನು ಕೆಳಗಿಳಿಸಿ, ಓಢಣಿಯನ್ನು ತಲೆಯಿಂದ ತೆಗೆದು ಸೊಂಟಕ್ಕೆ ಬಿಗಿದಳು. ರಾಮ್‌ಫಲ್ ಒಂದು ಗಳಿಗೆ ನಿಂತ. ಆಮೇಲೆ ತಾನೇ ಮೆಲ್ಲಗೆ ಹಿಂದಕ್ಕೆ ತಿರುಗಿ, ಸಾಸಿವೆ ಹೂವಿನ ಕಡೆ ಮುಖ ಮಾಡಿದ.

ಭರ್ಪಾಯಿ ಕಂಬಳಿ ತೆಗೆದು ಗಂಡನ ಹೆಗಲಿಗೆ ಹಾಕಿದಳು. ಏರಿಯ ಮೇಲೆ ಬೆಳಕು ಇನ್ನೂ ಇತ್ತು. ಭಾವನ ಬೆನ್ನಿನ ಹಿಂದಿನಿಂದ, ಹೆಂಗಸರ ಮುಂದಿನಿಂದ, ಎರಡೂ ಕೈ ಬೀಸಿಕೊಂಡು ಅವಳು ಓಡಿದಳು. ಗಾಯದ ಕಾಲು ಮೊದಲೆರಡು ಹೆಜ್ಜೆ ಕುಂಟಿತು, ಆಮೇಲೆ ಸರಿಹೋಯಿತು.

"ಏ ಭರ್ಪಾಯಿ" ಎಂದು ಖಜಾನಿ ಹಿಂದಿನಿಂದ ಕೂಗಿದಳು, ಬಾಯಿ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ ನೋಡಿ. "ಹೆಂಗೂ ಓಡ್ತಿದ್ದೀಯಲ್ಲೇ, ಈ ಮೇವಿನ ಹೊರೆನಾದ್ರೂ ತಗೊಂಡು ಹೋಗೇ."

"ಅಲ್ಲಿ ಇಬ್ರು ಗಂಡಸರ ತಲೆ ಖಾಲಿ ಇದೆಯಲ್ಲ ಅತ್ತೆ, ಅದ್ರ ಮೇಲಿಡಿ" ಎಂದು ಅವಳು ಓಡುತ್ತಲೇ ಕೂಗಿ ಹೇಳಿದಳು. ಭಾವನ ಮುಂದೆ ಅವಳ ದನಿ ಅಷ್ಟು ದೊಡ್ಡದಾಗಿ ಕೇಳಿಸಿದ್ದು ಅದೇ ಮೊದಲು.